12 ಮನೆ, 24 ಹಸು

ಸಮಾಜಶಾಸ್ತ್ರದ ಮೇಷ್ಟ್ರು ತೀರಿಕೊಂಡ ಸುದ್ದಿ ನಮ್ಮ ಬ್ಯಾಚಿನ ವಾಟ್ಸಾಪ್ ಗುಂಪಿಗೆ ಬಂದ ದಿನ ಎಲ್ಲರೂ ಕೈಮುಗಿದ ಚಿತ್ರ ಹಾಕಿದರು. ಒಬ್ಬ ಮಾತ್ರ ಹಸುವಿನ ಚಿತ್ರ ಹಾಕಿದ. ಅದರ ಅರ್ಥ ನಮ್ಮ ಮೂವರಿಗಷ್ಟೇ ಗೊತ್ತು.

ಅವರು ಕ್ಲಾಸಿನಲ್ಲಿ ಮಾಡಿದ ಪಾಠ ಒಂದಕ್ಷರವೂ ನೆನಪಿಲ್ಲ. ನೆನಪಿರುವುದು 1990ರ ದಶಕದ ಒಂದು ಎನ್ನೆಸ್ಸೆಸ್ (ರಾಷ್ಟ್ರೀಯ ಸೇವಾ ಯೋಜನೆ) ಶಿಬಿರ. 2 ವರ್ಷದಲ್ಲಿ 240 ಗಂಟೆ ಸೇವೆ ಮುಗಿಸಿದರೆ ಸರ್ಟಿಫಿಕೇಟು. ನಮ್ಮ ಕಣ್ಣೆಲ್ಲ ಅದರ ಮೇಲೆ. ಬೆಳಿಗ್ಗೆ ಚರಂಡಿ ಕೆಲಸ, ಮಧ್ಯಾಹ್ನ ಮನೆಮನೆ ಸಮೀಕ್ಷೆ. ಒಂದು ದಿನ ಬಿಸಿಲಿಗೆ ಬೇಸತ್ತು ಮೂವರೂ ಅರಳಿಕಟ್ಟೆಯಲ್ಲಿ ಕೂತು 12 ಮನೆಗಳ ಫಾರಂ ತುಂಬಿಬಿಟ್ಟೆವು. ಬರೆದವನು ನಾನೇ, ನನ್ನ ಅಕ್ಷರ ಆಗಲೂ ಮುದ್ದಾಗಿತ್ತು.

ಸಂಜೆ ಮೇಷ್ಟ್ರು ಕನ್ನಡಕ ಏರಿಸಿ ಓದಿದರು. "ಹನ್ನೆರಡು ಮನೆಗೂ ಎರಡೆರಡು ಹಸು. ಊರಿನ ಹಸುಗಳೆಲ್ಲ ಪಂಚಾಯ್ತಿ ಸೇರಿ ಹಂಚಿಕೊಂಡವೇನ್ರಯ್ಯಾ?" ಬೈಯಲಿಲ್ಲ. ಮರುದಿನ ಊರವರನ್ನು ಸೇರಿಸಿ ಆ ಫಾರಂಗಳನ್ನು ನನ್ನ ಕೈಲೇ ಓದಿಸಿದರು. ಮುಂದೆ ಕೂತಿದ್ದ ಅಜ್ಜಿಯೊಬ್ಬರು, "ನಮ್ಮನೆ ಹಸ ಎಲ್ಲಿ ಕಟ್ಟಿದ್ದೀಯೋ ಮಗ? ಹಾಲು ಕರ್ಯೋ ಹೊತ್ತಾಯ್ತು" ಅಂದುಬಿಟ್ಟರು. ಎನ್ನೆಸ್ಸೆಸ್ ದಿನ ಸೆಪ್ಟೆಂಬರ್ 24. ಆ ಸಂಖ್ಯೆ ಕಂಡರೆ ಈಗಲೂ ನನಗೆ ಹಸುಗಳೇ ಎದುರು ನಿಲ್ಲುತ್ತವೆ.

ನಗು ಇಳಿದ ಮೇಲೆ ಮೇಷ್ಟ್ರು ಅದೇ ಅಜ್ಜಿಯ ಕೈಗೆ ರಂಗೋಲಿ ಪುಡಿ ಕೊಟ್ಟರು. ನಾವು ನೆಲದ ಮೇಲೆ ಬರೆದಿದ್ದ ಊರಿನ ನಕ್ಷೆಯಲ್ಲಿ ಮಧ್ಯಕ್ಕೊಂದು ಬೋರ್‌ವೆಲ್ ಇತ್ತು. ಅಜ್ಜಿ ಅದನ್ನು ಅಂಗೈಯಲ್ಲಿ ಒರೆಸಿ, ದೂರದ ಬಾವಿಗೊಂದು ದಾರಿ ಎಳೆದರು. ನೆಟ್ಟಗಲ್ಲ, ಯಾರದೋ ಹೊಲದ ಬೇಲಿ ಬಳಸಿಕೊಂಡು. ಯಾಕಜ್ಜಿ ಇಷ್ಟು ಸುತ್ತು ಎಂದು ಕೇಳಿದೆ. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆ ಪ್ರಶ್ನೆ ನಮ್ಮ ಫಾರಂನಲ್ಲಿ ಇರಲೇ ಇಲ್ಲ. ಹೀಗೆ ಊರವರ ಕೈಯಲ್ಲೇ ನಕ್ಷೆ ಬರೆಸುವುದು ಪಿ.ಆರ್.ಎ. ಎಂಬ, ಊರವರೇ ತಮ್ಮ ಊರನ್ನು ಅಧ್ಯಯನ ಮಾಡುವ ವಿಧಾನದ ಒಂದು ಭಾಗ, ರಾಬರ್ಟ್ ಚೇಂಬರ್ಸ್ ಎಂಬ ಬ್ರಿಟಿಷ್ ವಿದ್ವಾಂಸರು ಅದರ ಬಗ್ಗೆ ಬಹಳ ಬರೆದಿದ್ದಾರೆ ಎಂಬುದೆಲ್ಲ ತಿಳಿದದ್ದು ಆಮೇಲೆ.

ನಾನೀಗ ಸಮೀಕ್ಷೆ ಮಾಡಿಸುವ ಕೆಲಸದಲ್ಲೇ ಇದ್ದೇನೆ. ಸುಳ್ಳು ಫಾರಂ ಹಿಡಿಯುವುದರಲ್ಲಿ ನನ್ನನ್ನು ಬಿಟ್ಟರಿಲ್ಲ ಎಂದು ಕಚೇರಿಯಲ್ಲಿ ಹೆಸರು. ಹೇಗೆ ಎಂದು ಯಾರೂ ಕೇಳಿಲ್ಲ, ಪುಣ್ಯ.

ಈಗ ವಿಶ್ವವಿದ್ಯಾಲಯ ಧನಸಹಾಯ ಆಯೋಗವೇ (ಯುಜಿಸಿ) ಸಮುದಾಯ ಸಹಭಾಗಿತ್ವಕ್ಕೆ 2 ಕ್ರೆಡಿಟ್‌ನ ಕೋರ್ಸ್ ಸೂಚಿಸಿದೆ. ಒಳ್ಳೆಯದೇ. ಆದರೆ ಮಗಳ ಕಾಲೇಜಿನ ಗ್ರಾಮಭೇಟಿ ಬಸ್ಸಿಳಿದು, ಬ್ಯಾನರ್ ಹಿಡಿದು, ಫೋಟೊ ತೆಗೆಸಿಕೊಳ್ಳುವಷ್ಟರಲ್ಲಿ ಮುಗಿದಿತ್ತು. ವರದಿ ಮಾತ್ರ 40 ಪುಟ. ಊರವರಿಗೆ ಓದಿ ಹೇಳಿದಿರೇನಮ್ಮ ಎಂದೆ.

"ಅವರಿಗ್ಯಾಕಪ್ಪಾ?" ಎಂದಳು.

ಹಸುವಿನ ಕತೆ ಅವಳಿಗೆ ಇನ್ನೂ ಹೇಳಿಲ್ಲ.