ಹಗಲು ಹೊತ್ತಿನ ಕಿಟಕಿಗೆ ಕಪ್ಪು ಬಣ್ಣ

ಮಂಗಳೂರು
18 ಮೇ 2025, ಭಾನುವಾರ

ಬೇಸಿಗೆ ಶಿಬಿರದ ಮಕ್ಕಳಿಗೆ ಇವತ್ತು ಕಿಟಕಿ ಬರೆಯಲು ಹೇಳಿದೆ. ಅರ್ಧ ಗಂಟೆಯೊಳಗೆ ಎಲ್ಲರೂ ಮುಗಿಸಿದರು. ಎಲ್ಲರದ್ದೂ ಒಂದೇ ಕಿಟಕಿ. ನಾಲ್ಕು ಚೌಕ, ಎರಡೂ ಬದಿಗೆ ಗಂಟು ಹಾಕಿದ ಪರದೆ, ಗಾಜಿಗೆ ತಿಳಿನೀಲಿ. ಇವರಲ್ಲಿ ಹೆಚ್ಚಿನವರು ಕದ್ರಿ, ಬಿಜೈ ಕಡೆಯ ಫ್ಲ್ಯಾಟುಗಳವರು. ಅಲ್ಲಿರುವುದು ಅಲ್ಯುಮಿನಿಯಂ ಚೌಕಟ್ಟು, ಸೊಳ್ಳೆ ಪರದೆ, ಗ್ರಿಲ್ಲು, ಗ್ರಿಲ್ಲಿನ ಮೇಲೆ ಒಣಹಾಕಿದ ಟವೆಲು. ಅದನ್ನು ಯಾರೂ ಬರೆಯಲಿಲ್ಲ. ಒಬ್ಬ ಹುಡುಗ ಮಾತ್ರ ಕಿಟಕಿಯ ಕೆಳಗೆ ಎಸಿಯ ಡಬ್ಬವನ್ನೂ ಅದರಿಂದ ತೊಟ್ಟಿಕ್ಕುವ ನೀರನ್ನೂ ಬರೆದಿದ್ದ. ಮನಸ್ಸಿನಲ್ಲೇ ಅವನಿಗೆ ಬಹುಮಾನ ಕೊಟ್ಟುಬಿಟ್ಟೆ.

ನನ್ನ ತಕರಾರು ಮುಖ್ಯವಾಗಿ ಆ ನೀಲಿಯ ಬಗ್ಗೆ. ಎಲ್ಲರನ್ನೂ ಜಗಲಿಗೆ ಕರೆತಂದು ಎದುರು ಮನೆಯನ್ನು ತೋರಿಸಿದೆ. ಹನ್ನೊಂದೂವರೆಯ ಬಿಸಿಲಿಗೆ ಗೋಡೆ ಕಣ್ಣು ಕುಕ್ಕುತ್ತಿತ್ತು, ತೆರೆದಿದ್ದ ಕಿಟಕಿ ಮಾತ್ರ ಮಸಿ ಬಳಿದಂತಿತ್ತು. "ಒಳಗೆ ಯಾರೂ ಇಲ್ಲವಾ ಟೀಚರ್?" ಎಂದು ಒಬ್ಬಳು ಕೇಳಿದಳು. ಒಳಗಿನಿಂದ ಅಜ್ಜಿ, "ಇದ್ದೇನೆ ಮಗಳೇ, ನೀವೆಲ್ಲ ನನಗೆ ಕಾಣುತ್ತಿದ್ದೀರಿ" ಎಂದರು. ಮಕ್ಕಳಿಗೆ ನಗು ತಡೆಯಲಾಗಲಿಲ್ಲ. ನಾನು ಹೇಳಬೇಕೆಂದಿದ್ದ ಪಾಠವನ್ನು ಅವರೇ ಹೇಳಿ ಮುಗಿಸಿದ್ದರು.

ಕತ್ತಲಲ್ಲಿ ಕುಳಿತವರಿಗೆ ಬೆಳಕಿನಲ್ಲಿ ನಿಂತವರು ಕಾಣುತ್ತಾರೆ. ಹಾಗಾಗಿ ಹಗಲಿನಲ್ಲಿ ಕಿಟಕಿ ಮನೆಯವರ ಸೊತ್ತು. ಮುಸ್ಸಂಜೆ ದೀಪ ಹಾಕಿದ ಕೂಡಲೇ ಬೀದಿಯವರದ್ದು. ಕಿಟಕಿಯನ್ನು ಬರೆದ ದೊಡ್ಡ ಕಲಾವಿದರು ಕಿಟಕಿಗಿಂತ ಮೊದಲು ಹೊತ್ತನ್ನು ಆರಿಸಿಕೊಂಡಿರಬೇಕು ಎಂದು ನನಗೆ ಅನ್ನಿಸುತ್ತದೆ. ಜರ್ಮನಿಯ ಕ್ಯಾಸ್ಪರ್ ಡೇವಿಡ್ ಫ್ರೀಡ್ರಿಕ್ 1822ರಲ್ಲಿ ಬರೆದ ಚಿತ್ರದಲ್ಲಿ ಅವನ ಹೆಂಡತಿ ನಮಗೆ ಬೆನ್ನು ಹಾಕಿ ಕಿಟಕಿಯಿಂದ ಹೊರಗೆ ಇಣುಕುತ್ತಿದ್ದಾಳೆ. ಕೋಣೆ ಮಬ್ಬು, ಹೊರಗೆ ಹಗಲು, ಕಾಣುವುದು ಹಡಗಿನ ಪಟಸ್ತಂಭದ ತುದಿ, ಆಚೆ ದಡದ ಮರಗಳು. ಅಮೆರಿಕದ ಎಡ್ವರ್ಡ್ ಹಾಪರ್ 1942ರ 'ನೈಟ್‌ಹಾಕ್ಸ್'ನಲ್ಲಿ ಇದನ್ನು ಬುಡಮೇಲು ಮಾಡಿದ. ನಡುರಾತ್ರಿ, ನಿರ್ಜನ ಬೀದಿ, ದೊಡ್ಡ ಗಾಜಿನಾಚೆ ಹೋಟೆಲಿನಲ್ಲಿ ಮೂವರು ಗಿರಾಕಿಗಳು, ಒಬ್ಬ ಮಾಣಿ. ಬೀದಿಯಿಂದ ಒಳಹೋಗಲು ಬಾಗಿಲೇ ಕಾಣುವುದಿಲ್ಲ. ನೋಡುವವರು ಕತ್ತಲಲ್ಲೇ ನಿಂತಿರಬೇಕು, ಇಲ್ಲವಾದರೆ ಈ ಚಿತ್ರವೇ ಇಲ್ಲ.

ಇದನ್ನೆಲ್ಲ ಯೋಚಿಸುವಾಗ ಮೊನ್ನೆ ಅಮ್ಮನೊಂದಿಗೆ ಉಡುಪಿಗೆ ಹೋದದ್ದು ನೆನಪಾಯಿತು. ರಥಬೀದಿಯ ಬಿಸಿಲಿನಿಂದ ಬಂದು ಕನಕನ ಕಿಂಡಿಗೆ ಕಣ್ಣು ಹಚ್ಚಿದರೆ ಮೊದಲು ಏನೂ ಕಾಣಲಿಲ್ಲ. ಹಣೆಗೆ ಅಂಗೈ ಅಡ್ಡ ಹಿಡಿದೆ. ಮೆಲ್ಲಗೆ ದೀಪದ ಕುಡಿ ಕಂಡಿತು, ಆಮೇಲೆ ಬೆಳ್ಳಿಯ ಒಂದು ಅಂಚು. ಅಷ್ಟರಲ್ಲಿ ಹಿಂದಿನವರು "ಸ್ವಲ್ಪ ಮುಂದೆ ಹೋಗಿ" ಎಂದು ಅವಸರಪಡಿಸಿದರು. ಗೋಡೆ ಬಿರಿದು ಕೃಷ್ಣ ಪಶ್ಚಿಮಕ್ಕೆ ತಿರುಗಿದ ಐತಿಹ್ಯ ನಮಗೆಲ್ಲ ಗೊತ್ತು. ಅದನ್ನು ಚಿತ್ರಿಸುವ ಕ್ಯಾಲೆಂಡರುಗಳಲ್ಲಿ ಕನಕದಾಸರು ಬೆಳಕಿನಲ್ಲಿ ನಿಂತಿರುತ್ತಾರೆ, ಕಿಂಡಿಯಾಚೆಯ ಕೃಷ್ಣ ಅವರಿಗಿಂತ ಹೆಚ್ಚು ಹೊಳೆಯುತ್ತಾನೆ. ಆ ಪ್ರಭೆಯನ್ನು ಭಕ್ತಿಯ ಗುರುತು ಎಂದಷ್ಟೇ ತಿಳಿದಿದ್ದೆ. ಈಗ ನೋಡಿದರೆ ಅದು ಚಿತ್ರಕಾರನ ಅಗತ್ಯವೂ ಹೌದು. ಹೊರಗೆ ಹಗಲಿರುವಾಗ ಒಳಗಿನವನು ಕಾಣಬೇಕಾದರೆ ಅವನೇ ಬೆಳಗಬೇಕು, ಬೇರೆ ದಾರಿಯಿಲ್ಲ.

ಹದಿನೇಳನೇ ಶತಮಾನದ ಡಚ್ ಕಲಾವಿದ ವರ್ಮೀರ್‌ನ ಮುದ್ರಿತ ಚಿತ್ರವೊಂದನ್ನು ಮಕ್ಕಳ ನಡುವೆ ಹರಡಿಟ್ಟೆ. ತೆರೆದ ಕಿಟಕಿಯ ಬಳಿ ಹುಡುಗಿಯೊಬ್ಬಳು ಪತ್ರ ಓದುತ್ತಿರುವ, ಸುಮಾರು 1657ರಿಂದ 1659ರ ನಡುವಿನ ಚಿತ್ರ, ಮೂಲ ಜರ್ಮನಿಯ ಡ್ರೆಸ್ಡನ್‌ನಲ್ಲಿದೆ. ಹೊರಗೆ ಏನಿದೆ ಎಂದು ವರ್ಮೀರ್ ಸುಳಿವೂ ಕೊಡುವುದಿಲ್ಲ. ಅವನಿಗೆ ಕಿಟಕಿಯಿಂದ ಬೇಕಾದದ್ದು ಬೆಳಕು ಮಾತ್ರ. ಕೋಣೆಯೊಳಕ್ಕೆ ತಿರುಗಿದ ಕಿಟಕಿಯ ಸಣ್ಣ ಗಾಜುಗಳಲ್ಲಿ ಅವಳ ಮುಖ ಮಸುಕಾಗಿ ಮೂಡಿದೆ. ಸೀಸದ ಪಟ್ಟಿಗಳು ಆ ಮುಖವನ್ನು ಅಲ್ಲಲ್ಲಿ ತುಂಡರಿಸಿವೆ. ಪ್ರತಿಬಿಂಬವನ್ನು ಮೊದಲು ಕಂಡುಹಿಡಿದವನು ಎಸಿ ಡಬ್ಬದ ಹುಡುಗನೇ. ಅವಳ ಹಿಂದಿನ ಗೋಡೆ ಬಹುಕಾಲ ಖಾಲಿಯಾಗಿಯೇ ಇತ್ತು. ಬಳಿಕ ಬೇರೆ ಯಾರೋ ಬಳಿದಿದ್ದ ಬಣ್ಣವನ್ನು ತಜ್ಞರು ಕೆರೆದು ತೆಗೆದಾಗ ಗೋಡೆಯ ಮೇಲೊಂದು ಮನ್ಮಥನ ಚಿತ್ರ ಹೊರಬಂತು. ಆ ರೂಪದಲ್ಲಿ ಅದನ್ನು ಪ್ರದರ್ಶಿಸಿದ್ದು 2021ರಲ್ಲಿ. ಪತ್ರ ಎಂಥದ್ದೆಂದು ಈಗ ಊಹಿಸುವ ಕೆಲಸವೇ ಇಲ್ಲ. ನಿಜ ಹೇಳುವುದಾದರೆ ನನಗೆ ಖಾಲಿ ಗೋಡೆಯೇ ಹೆಚ್ಚು ಇಷ್ಟವಾಗಿತ್ತು.

ವರ್ಮೀರ್‌ನ ಎಷ್ಟೋ ಕೋಣೆಗಳಿಗೆ ಬೆಳಕು ಎಡಗಡೆಯಿಂದಲೇ ಬರುತ್ತದೆ. ಬಲಗೈಯಲ್ಲಿ ಬರೆಯುವವರಿಗೆ ಅದು ಅನುಕೂಲ, ಕೈಯ ನೆರಳು ಚಿತ್ರದ ಮೇಲೆ ಬೀಳುವುದಿಲ್ಲ. ಕಲಾಶಾಲೆಗಳಲ್ಲಿ ಕಲಿಸುವ ಇನ್ನೊಂದು ನಿಯಮ ಉತ್ತರದ ಕಿಟಕಿ: ಅಲ್ಲಿಂದ ಬಿಸಿಲು ನೇರ ಬೀಳುವುದಿಲ್ಲ, ಬೆಳಕು ದಿನವಿಡೀ ಹೆಚ್ಚುಕಡಿಮೆ ಒಂದೇ ಹದದಲ್ಲಿರುತ್ತದೆ ಎಂದು. ಇದು ಯುರೋಪಿನವರ ಲೆಕ್ಕ. ಮಂಗಳೂರು ಇರುವುದು 13 ಡಿಗ್ರಿ ಉತ್ತರ ಅಕ್ಷಾಂಶದ ಸಮೀಪ. ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ನಡುಮಧ್ಯಾಹ್ನದ ಸೂರ್ಯನೇ ನಮ್ಮ ನೆತ್ತಿಯಿಂದ ಉತ್ತರಕ್ಕೆ ಸರಿದಿರುತ್ತಾನೆ. ನಾನು ಬಾಡಿಗೆಗೆ ಹಿಡಿದಿರುವ ಈ ಹಂಚಿನ ಮನೆಯಲ್ಲಿ ಮೇ ತಿಂಗಳ ಬೆಳಗ್ಗೆ ಉತ್ತರದ ಕಿಟಕಿಯಿಂದ ಓರೆ ಬಿಸಿಲು ಬಂದು ಹಾಳೆಯ ಮೇಲೆ ಸರಳಿನ ನೆರಳು ಗೀಚುತ್ತದೆ. ಮಳೆ ಹಿಡಿದ ಮೇಲೆ ಇರಚಲು ಒಳಗೆ ಹೊಡೆಯುವುದರಿಂದ ಅದನ್ನು ತೆರೆಯುವ ಪ್ರಶ್ನೆಯೇ ಇಲ್ಲ.

ಸೂರು ತಗ್ಗಿದ ನಮ್ಮ ಹಳೆಯ ಮನೆಗಳಲ್ಲಿ ಕಿಟಕಿ ಇದ್ದದ್ದು ಗಾಳಿಗೆ, ಮತ್ತು ಬಂದವರು ಯಾರೆಂದು ನೋಡುವುದಕ್ಕೆ. ಅಡುಗೆಮನೆಗೆ ಬೆಳಕು ಕೊಡುತ್ತಿದ್ದದ್ದು ಮಾಡಿನ ಗಾಜಿನ ಹಂಚು. ಬಾಸೆಲ್ ಮಿಷನ್ ಇಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ್ದು 1865ರಲ್ಲಿ. ಈ ಊರಿನ ಹಂಚು ಎಲ್ಲೆಲ್ಲಿಗೋ ಹೋಯಿತು. ಗಾಜಿನ ಹಂಚಿನಡಿ ಕುಳಿತು ತೆಂಗಿನಕಾಯಿ ತುರಿಯುವವರ ನೆತ್ತಿ, ಮೂಗಿನ ತುದಿ, ಮೊಣಕೈ ಬೆಳಗುತ್ತವೆ, ಕಣ್ಣುಗಳಿಗೆ ನೆರಳು. ವರ್ಮೀರ್‌ನಿಂದ ಬೆಳಕು ಕಲಿತು ಬಂದ ಕೈಗೆ ಇದನ್ನು ಬರೆಯುವುದು ಬಲು ಕಷ್ಟ. ಬರೆದವರನ್ನು ನಾನು ಹೆಚ್ಚು ನೋಡಿಲ್ಲ, ಇಲ್ಲಿಯವರೇ ಬರೆಯಬೇಕು.

ನಾಳೆಗೆ ಮನೆಗೆಲಸ ಕೊಟ್ಟಿದ್ದೇನೆ. ಒಂದೇ ಕಿಟಕಿಯನ್ನು ಹೊರಗಿನಿಂದ ಎರಡು ಸಲ ಬರೆಯಬೇಕು, ಮಧ್ಯಾಹ್ನ ಒಮ್ಮೆ, ದೀಪ ಹಾಕಿದ ಮೇಲೆ ಒಮ್ಮೆ. ಕಪ್ಪು ಮುಗಿದರೆ ಕಡುನೀಲಿಗೆ ಕಂದು ಬೆರೆಸಿಕೊಳ್ಳಿ ಎಂದೆ.

"ಟೀಚರ್, ರಾತ್ರಿ ಪಕ್ಕದ ಮನೆಯವರದ್ದು ಬರೆಯಬಹುದಾ?"

"ಬೇಡ ಮಾರಾಯ, ನಿಮ್ಮ ಮನೆಯದ್ದೇ ಬರಿ. ಹೊರಗೆ ಹೋಗುವಾಗ ಅಪ್ಪನನ್ನು ಕರೆದುಕೊಂಡು ಹೋಗು."