ಡೇರಿಯಲ್ಲಿ ಅಧಿಕಾರ ಯಾರ ಕೈಯಲ್ಲಿರುತ್ತದೆ?

ಕೋಲಾರದ ಹಳ್ಳಿಗಳಲ್ಲಿ ನಾಯಕತ್ವ ಹೇಗೆ ಬೆಳೆಯುತ್ತದೆ ಎಂಬುದನ್ನು ಅರಿಯಬೇಕಾದರೆ ಪಂಚಾಯಿತಿಗಿಂತ ಮೊದಲು ಹಾಲಿನ ಡೇರಿಯನ್ನು ಗಮನಿಸಬೇಕು ಎಂಬುದು ನನ್ನ ಅಭಿಪ್ರಾಯ. ವರ್ಷವಿಡೀ ಹರಿಯುವ ನದಿಯಿಲ್ಲದ, ಕೊಳವೆಬಾವಿಗಳನ್ನೇ ನಂಬಿದ ಈ ಸೀಮೆಯಲ್ಲಿ ಬೆಳೆ ಕೈಕೊಟ್ಟಾಗ ಮನೆ ನಡೆಸುವುದು ಹಾಲಿನ ಬಟವಾಡೆ. ಅದರ ಮೇಲೆ ಹಿಡಿತವಿರುವವರ ಮಾತಿಗೆ ಊರಿನಲ್ಲಿ ತಾನಾಗಿಯೇ ತೂಕ ಬರುತ್ತದೆ.

ಹಳ್ಳಿಯ ಡೇರಿಗಳೆಂದರೆ ಹಾಲು ಉತ್ಪಾದಕರ ಸಹಕಾರ ಸಂಘಗಳು. 1959ರ ಕರ್ನಾಟಕ ಸಹಕಾರ ಸಂಘಗಳ ಕಾಯ್ದೆಯಂತೆ ನಡೆಯುವ ಈ ಸಂಘಗಳಲ್ಲಿ ಷೇರು ಎಷ್ಟಿದ್ದರೂ ಸದಸ್ಯನಿಗೆ ಒಂದೇ ಮತ. ಸದಸ್ಯರು ನಿರ್ದೇಶಕರನ್ನೂ ನಿರ್ದೇಶಕರು ಅಧ್ಯಕ್ಷರನ್ನೂ ಆರಿಸುತ್ತಾರೆ. ಆದರೂ ನಾನು ಹತ್ತಿರದಿಂದ ಕಂಡ ಸಂಘಗಳಲ್ಲಿ ಅಧ್ಯಕ್ಷರು ಬದಲಾದಾಗಲೂ ಸಂಬಳಕ್ಕಿರುವ ಸೆಕ್ರೆಟರಿಯ ಪ್ರಭಾವ ಕುಗ್ಗಲಿಲ್ಲ. ಫ್ರಾನ್ಸಿನ ಸಮಾಜಶಾಸ್ತ್ರಜ್ಞ ಮಿಷೆಲ್ ಕ್ರೊಜಿಯೆ ಅಲ್ಲಿನ ಸರ್ಕಾರಿ ತಂಬಾಕು ಕಾರ್ಖಾನೆಗಳಲ್ಲಿ ಇಂಥದ್ದನ್ನೇ ಗುರುತಿಸಿದ್ದರು: ಉಳಿದೆಲ್ಲವೂ ನಿಯಮದಂತೆ ನಡೆಯುವಲ್ಲಿ ಯಂತ್ರ ಯಾವಾಗ ಕೆಡುತ್ತದೆ ಎಂಬುದೊಂದೇ ಅನಿಶ್ಚಿತವಾಗಿದ್ದು, ರಿಪೇರಿ ಬಲ್ಲ ಕೆಲಸಗಾರರಿಗೆ ಹುದ್ದೆಯನ್ನು ಮೀರಿದ ಅಧಿಕಾರ ದಕ್ಕಿತ್ತು. ನಮ್ಮ ಡೇರಿಗಳಲ್ಲಿ ಆ ಅನಿಶ್ಚಿತತೆ ಫ್ಯಾಟ್ (ಹಾಲಿನ ಕೊಬ್ಬಿನಂಶ) ಮತ್ತು ಡಿಗ್ರಿ (ಲ್ಯಾಕ್ಟೋಮೀಟರ್ ತೋರಿಸುವ ಅಳತೆ)ಯಲ್ಲಿತ್ತು. ಹಾಲು ಹಾಕಿದವರಿಗೆ ಪರೀಕ್ಷೆಯ ಫಲಿತಾಂಶವನ್ನು ತಾಳೆ ನೋಡುವ ದಾರಿಯಿರಲಿಲ್ಲವಾದ್ದರಿಂದ, ಪರೀಕ್ಷೆ ಮಾಡಿ ಪುಸ್ತಕದಲ್ಲಿ ಬರೆಯುವವರನ್ನು ಎದುರು ಹಾಕಿಕೊಳ್ಳಲು ಎಲ್ಲರೂ ಹಿಂಜರಿಯುತ್ತಿದ್ದರು. ಗಣಕೀಕೃತ ಯಂತ್ರ ಬಂದು, ಲೀಟರು, ಫ್ಯಾಟ್, ದರ ಎಲ್ಲವೂ ಚೀಟಿಯಲ್ಲಿ ಅಚ್ಚಾಗತೊಡಗಿದ ಮೇಲೆ ಆ ಭಯ ಬಹುಮಟ್ಟಿಗೆ ಕರಗಿತು.

ಅಧಿಕಾರ ಮಾತ್ರ ಕರಗಲಿಲ್ಲ. ಅದು ಮತದಾರರ ಪಟ್ಟಿಗೆ ಸರಿಯಿತು. ನಿಗದಿತ ಪ್ರಮಾಣದ ಹಾಲು ಹಾಕದವರು, ಸಾಮಾನ್ಯ ಸಭೆಗಳಿಗೆ ಬಾರದವರು ಮತದಾನಕ್ಕೆ ಅನರ್ಹರಾಗುವ ನಿಯಮ ಸಂಘದ ಹಿತಕ್ಕಾಗಿಯೇ ಇದೆ. ಆದರೆ ಸಭೆಯ ನೋಟಿಸು ಯಾರ ಮನೆಗೆ ತಲುಪಿತು, ಹಾಜರಿ ಪುಸ್ತಕದಲ್ಲಿ ಯಾರ ಸಹಿ ಬಿತ್ತು ಎಂಬುದನ್ನು ನೋಡಿಕೊಳ್ಳುವವರು ಆಡಳಿತದಲ್ಲಿರುವವರೇ. ಚುನಾವಣೆಯನ್ನು ಗೆಲ್ಲಲು ಅವರು ಯಾರ ಮನವನ್ನೂ ಒಲಿಸಬೇಕಾಗಿಲ್ಲ, ವಿರೋಧಿಗಳ ಹೆಸರು ಅನರ್ಹರ ಪಟ್ಟಿಯಲ್ಲಿದ್ದರೆ ಸಾಕು. ಅಲ್ಲದೆ ಹಳ್ಳಿಯ ಸಂಘಗಳೆಲ್ಲ ಸೇರಿದ ಹಾಲು ಒಕ್ಕೂಟದ ನಿರ್ದೇಶಕರನ್ನು ಆರಿಸುವುದು ಸಂಘಗಳ ಡೆಲಿಗೇಟುಗಳು, ಅಂದರೆ ಪ್ರತಿನಿಧಿಗಳು, ಆದ್ದರಿಂದ, ಹಳ್ಳಿಯ ಡೇರಿಯನ್ನು ಹಿಡಿದವರ ಬಾಗಿಲಿಗೆ ದೊಡ್ಡ ನಾಯಕರೂ ಬರುತ್ತಾರೆ.

ಇದಕ್ಕೆ ವಿರುದ್ಧವಾದ ನಡೆಯನ್ನೂ ನಾನು ಕಂಡಿದ್ದೇನೆ, ಅದನ್ನು ಮನಸಾರೆ ಮೆಚ್ಚಿದ್ದೇನೆ. ಆಂಧ್ರದ ಗಡಿಗೆ ಹತ್ತಿರದ ಒಂದು ಮಹಿಳಾ ಸಂಘದ ಅಧ್ಯಕ್ಷೆ ಸಭೆಗೆ ಮುಂಚೆಯೇ ಜಮಾ-ಖರ್ಚನ್ನು ಗೋಡೆಗೆ ಅಂಟಿಸುತ್ತಾರೆ. ಸಭೆಯಲ್ಲಿ ಅದನ್ನು ಕನ್ನಡದಲ್ಲಿ ಓದಿಸಿ, ಮನೆಮಾತು ತೆಲುಗಾಗಿರುವವರಿಗೆ ತೆಲುಗಿನಲ್ಲೂ ವಿವರಿಸುತ್ತಾರೆ. ಯಾರ ಹೆಸರಾದರೂ ಮತದಾರರ ಪಟ್ಟಿಯಿಂದ ಬಿಟ್ಟುಹೋಗುವಂತಿದ್ದರೆ ಆ ಮನೆಗೆ ತಾವೇ ಹೋಗಿ, ಎಷ್ಟು ಹಾಲು ಕಡಿಮೆಯಾಗಿದೆ ಎಂದು ಅವಧಿ ಮುಗಿಯುವ ಮೊದಲೇ ತಿಳಿಸುತ್ತಾರೆ. ಆ ಸಂಘದಲ್ಲಿ ಅವರ ಮಾತನ್ನು ಮೀರುವವರು ವಿರಳ. ಲೆಕ್ಕವನ್ನು ತಮ್ಮಲ್ಲೇ ಮುಚ್ಚಿಟ್ಟುಕೊಂಡು ಅವರು ಗಳಿಸಿದ ಅಧಿಕಾರ ಅದಲ್ಲ.

ನಮ್ಮ ಊರಿನ ಸಂಘದಲ್ಲಿಯೂ ಅನರ್ಹರ ಪಟ್ಟಿಯನ್ನು ಕಾರಣಸಹಿತವಾಗಿ, ಆಕ್ಷೇಪಣೆಗೆ ಸಾಕಷ್ಟು ಕಾಲಾವಕಾಶವಿರುವಂತೆ ಡೇರಿಯ ಬಾಗಿಲಲ್ಲೇ ಪ್ರಕಟಿಸಬೇಕೆಂದು ಬರುವ ವಾರ್ಷಿಕ ಸಭೆಯಲ್ಲಿ ಕೇಳಲಿದ್ದೇನೆ. ಈ ಬೇಡಿಕೆಗೆ ಕೆಲವು ಸದಸ್ಯರು ಈಗಾಗಲೇ ಸಹಿ ಹಾಕಿದ್ದಾರೆ.