ಕಾಳು ಬೊಗಳುವ ಸ್ವರ

ನಿನ್ನೆ ರಾತ್ರಿ ಊಟಕ್ಕೆ ಕೂತದ್ದಷ್ಟೇ, ಹಿತ್ತಿಲಿಂದ ಕಾಳು ಬೊಗಳ್ಲಿಕ್ಕೆ ಶುರು ಮಾಡಿದ. ಕಾಸರಗೋಡಿನ ಬದಿಯಡ್ಕದ ಹತ್ತಿರ ತೋಟದ ಮಧ್ಯೆ ಇರುವ ಮನೆ ನಮ್ಮದು, ನಾಯಿ ಬೊಗಳಿದ್ರೆ ಯಾರೂ ಎದ್ದು ನೋಡುವುದಿಲ್ಲ, ಹಂದಿ ಬಂದ್ರೂ ಬೊಗಳ್ತಾನೆ, ರಸ್ತೆಯಲ್ಲಿ ಯಾರದ್ದೋ ಬೈಕ್ ಹೋದ್ರೂ ಬೊಗಳ್ತಾನೆ. ಆದ್ರೆ ಹಾವು ಕಂಡಾಗ ಸ್ವರವೇ ಬೇರೆ. ಓಡಾಡಿಕೊಂಡು ಬೊಗಳುವುದಲ್ಲ, ಒಂದೇ ಕಡೆ ನಿಂತು, ಮುಂದಿನ ಕಾಲು ಎರಡನ್ನೂ ನೆಲಕ್ಕೆ ಒತ್ತಿ, ತುಂಡು ತುಂಡಾಗಿ, ಹೊಟ್ಟೆಯೊಳಗಿಂದ ಬಂದ ಹಾಗೆ. ಅಮ್ಮ ಕೈಯಲ್ಲಿದ್ದ ಸೌಟು ಹಾಗೇ ಹಿಡ್ಕೊಂಡು "ಅದು ಹಾವೇ, ಮೊದಲು ನಾಯಿಯನ್ನು ಒಳಗೆ ತಾ" ಅಂದ್ರು.

ನಾಯಿ ಮೊದಲು, ಹಾವು ಮತ್ತೆ. ಇದನ್ನು ನಾವು ಕಲಿತದ್ದು ಬೊಳ್ಳು ಹೋದ ಮೇಲೆ.

ಬೊಳ್ಳು ಕಾಳುವಿನ ಅಣ್ಣ, ಒಂದೇ ಹೊಟ್ಟೆಯಲ್ಲಿ ಹುಟ್ಟಿದ್ದು. ಎರಡು ವರ್ಷದ ಹಿಂದೆ ಹಟ್ಟಿಯ ಹಿಂದೆ ಸರ್ಪ, ಅಂದ್ರೆ ನಾಗರ ಹಾವು, ಹೆಡೆ ಎತ್ತಿ ನಿಂತಿತ್ತು, ನಾವೆಲ್ಲ ಹಾವನ್ನೇ ನೋಡಿಕೊಂಡು ನಿಂತ್ವಿ, ಯಾರು ಅದನ್ನು ಆಚೆ ಕಳಿಸುವುದು ಅಂತ ಮಾತು, ಅಷ್ಟರಲ್ಲಿ ಬೊಳ್ಳು ಹಾರಿ ಆಗಿತ್ತು. ಕಚ್ಚಿದ ಜಾಗ ಹುಡುಕಿದ್ರೆ ಸಿಗಲಿಲ್ಲ, ರೋಮದೊಳಗೆ ಎಂತ ಕಾಣ್ತದೆ. ಕಚ್ಚಲಿಲ್ಲ ಅಂತಲೇ ಅಂದುಕೊಂಡ್ವಿ. ಮುಕ್ಕಾಲು ಗಂಟೆಯಲ್ಲಿ ಬಾಯಿಂದ ಜೊಲ್ಲು ನೂಲಿನ ಹಾಗೆ ಇಳಿಯಲಿಕ್ಕೆ ಶುರು ಆಯ್ತು, ಕಣ್ಣಿನ ರೆಪ್ಪೆ ಮುಚ್ಚಿಕೊಂಡು ಬಂತು, ಹಿಂದಿನ ಕಾಲು ಅವನ ಮಾತು ಕೇಳ್ಲಿಲ್ಲ, ಎದ್ದು ನಿಂತ್ರೆ ಸೊಂಟ ಒಂದು ಬದಿಗೆ ವಾಲುವುದು. ನಾವು ಆಗ ಮಾಡಿದ ತಪ್ಪು ಅಂದ್ರೆ ಯಾರೋ ಹೇಳಿದ್ರು ಅಂತ ಸೊಪ್ಪಿನ ರಸ ಅರೆದು ಕುಡಿಸಿದ್ದು. ಸರ್ಪದ ವಿಷ ಉಸಿರಾಡಿಸುವ ಸ್ನಾಯುಗಳನ್ನೇ ನಿಲ್ಲಿಸ್ತದೆ, ಅದು ನಿಲ್ಲುವ ಮೊದಲು ಡಾಕ್ಟರ ಹತ್ತಿರ ಇರ್ಬೇಕು. ನಾವು ಹೊರಟಾಗ ಒಂದೂವರೆ ಗಂಟೆ ಕಳೆದಿತ್ತು, ಜೀಪು ರಸ್ತೆಗೆ ಮುಟ್ಟುವಾಗ ಅವನ ತಲೆ ನನ್ನ ಮಡಿಲಲ್ಲಿ ಭಾರ ಆಯ್ತು.

ಅಜ್ಜಿ ಆ ರಾತ್ರಿ ಊಟ ಮಾಡಲಿಲ್ಲ. ನಾಗನ ಕಟ್ಟೆಗೆ ಈ ವರ್ಷ ತಂಬಿಲದ ಪೂಜೆ ತಡ ಆಯ್ತಲ್ಲ ಅಂತ ಒಂದೇ ಮಾತು. ಅಜ್ಜಿಯ ನಂಬಿಕೆಗೆ ನಾನು ಎದುರು ಮಾತಾಡುವುದಿಲ್ಲ, ಆ ನಂಬಿಕೆಯಿಂದಲೇ ನಮ್ಮ ಊರಲ್ಲಿ ಸರ್ಪಕ್ಕೆ ಯಾರೂ ದೊಣ್ಣೆ ಎತ್ತುವುದಿಲ್ಲ, ಸತ್ತದ್ದು ಸಿಕ್ಕಿದ್ರೆ ಸಂಸ್ಕಾರ ಮಾಡ್ತಾರೆ. ಕನ್ನಡಿ ಹಾವಿಗೆ ಆ ಭಾಗ್ಯ ಇಲ್ಲ, ಕಂಡಲ್ಲಿ ಬಡಿಯುವುದೇ. ಘಟ್ಟದ ಮೇಲಿನವರು ಕೊಳಕು ಮಂಡಲ ಅನ್ನುವುದು ಅದನ್ನೇ, ಮಲಯಾಳದವರು ಅಣಲಿ ಅಂತಾರೆ. ಬಡಿಯಲಿಕ್ಕೆ ಹೋದವರೇ ಕಚ್ಚಿಸಿಕೊಳ್ಳುವುದು ಜಾಸ್ತಿ ಅಂತ ನನಗೆ ಕಾಣ್ತದೆ, ಹತ್ತಿರ ಹೋಗದೆ ಬಡಿಯಲಿಕ್ಕೆ ಆಗುವುದಿಲ್ಲವಲ್ಲ.

ಕಾಳುವಿಗೆ ಕಚ್ಚಿದ್ದು ಕನ್ನಡಿ ಹಾವೇ. ಕಳೆದ ಆಟಿಯಲ್ಲಿ, ಅಂದ್ರೆ ಜುಲೈ-ಆಗಸ್ಟಿನ ಹೊತ್ತಿಗೆ, ಬಟ್ಟೆ ಒಗೆಯುವ ಕಲ್ಲಿನ ಹತ್ತಿರ. ಮೊದಲು ಕೇಳಿದ್ದು ಶಬ್ದ, ಕುಕ್ಕರಿನ ವಿಶಲ್ ನಿಲ್ಲದೆ ಹೊಡೆದ ಹಾಗೆ ಉದ್ದಕ್ಕೆ ಬುಸ್ ಅಂತ. ಮೂತಿಗೇ ಕಚ್ಚಿತ್ತು. ಅರ್ಧ ಗಂಟೆಯಲ್ಲಿ ಒಂದು ಕೆನ್ನೆ ಊದಿ ಕಣ್ಣು ಮುಚ್ಚಿಹೋಯ್ತು, ಕಚ್ಚಿದ ಎರಡು ತೂತಿನಿಂದ ರಕ್ತ ಒಸರುವುದು ನಿಲ್ಲಲೇ ಇಲ್ಲ. ಈ ಸಲ ಸೊಪ್ಪು ಇಲ್ಲ, ಕಟ್ಟು ಇಲ್ಲ, ಕೊಯ್ಯುವುದು ಇಲ್ಲ, ಅವನನ್ನು ನಡೆಯಲಿಕ್ಕೂ ಬಿಡದೆ ಗೋಣಿಯಲ್ಲಿ ಎತ್ತಿಕೊಂಡು ಸೀದಾ ಕಾರಿಗೆ. ಮೊದಲು ಹೋದ ಕಡೆ ಮದ್ದೇ ಇರಲಿಲ್ಲ, ಅಲ್ಲಿಂದ ಗಡಿ ದಾಟಿ ಕರ್ನಾಟಕಕ್ಕೆ ಹೋಗ್ಬೇಕಾಯ್ತು, ಕಾಸರಗೋಡಿನವರಿಗೆ ಇದು ಹೊಸತಲ್ಲ, 2020ರಲ್ಲಿ ಕೊರೊನಾ ಅಂತ ಗಡಿಯ ತಲಪಾಡಿಯಲ್ಲಿ ದಾರಿ ಮುಚ್ಚಿದಾಗ ಮನುಷ್ಯರಿಗೇ ಆಸ್ಪತ್ರೆ ದೂರ ಆದದ್ದು ನಾವು ಯಾರೂ ಮರೆತಿಲ್ಲ.

ಅಲ್ಲಿ ಡಾಕ್ಟ್ರು ಮೊದಲು ಮಾಡಿದ್ದು ಎಂತ ಗೊತ್ತುಂಟಾ, ಸ್ವಲ್ಪ ರಕ್ತ ತೆಗೆದು ಗಾಜಿನ ಟ್ಯೂಬಿಗೆ ಹಾಕಿ ಮೇಜಿನ ಮೇಲೆ ಇಟ್ಟು ಗಡಿಯಾರ ನೋಡಿದ್ರು. 20 ನಿಮಿಷ ಅದನ್ನು ಅಲ್ಲಾಡಿಸಬಾರದು. ಹೆಪ್ಪು ಕಟ್ಟಿದ್ರೆ ಒಳ್ಳೇದು. ಆ 20 ನಿಮಿಷ ನಾನು ಟ್ಯೂಬಿನಿಂದ ಕಣ್ಣು ತೆಗೀಲಿಲ್ಲ. ಆಮೇಲೆ ಅವರು ಮೆಲ್ಲ ವಾಲಿಸಿದ್ರು, ರಕ್ತ ನೀರಿನ ಹಾಗೆ ಹರಿದು ಬಂತು. ಕನ್ನಡಿ ಹಾವಿನ ವಿಷ ರಕ್ತ ಹೆಪ್ಪುಗಟ್ಟುವ ಶಕ್ತಿಯನ್ನೇ ಮುಗಿಸಿ ಹಾಕ್ತದೆ, ಮತ್ತೆ ಕಿಡ್ನಿಗೆ ಹೋಗ್ತದೆ. ನಾಯಿಗೂ ಕೊಡುವುದು ಮನುಷ್ಯರಿಗೆ ಕೊಡುವ ಮದ್ದೇ, ಕುದುರೆಗೆ ಸ್ವಲ್ಪ ಸ್ವಲ್ಪ ವಿಷ ಚುಚ್ಚಿ ಅದರ ರಕ್ತದಿಂದ ತೆಗೆಯುವುದು. ನಾಯಿ ಸಣ್ಣದು ಅಂತ ಮದ್ದು ಕಮ್ಮಿ ಸಾಕಾಗುವುದಿಲ್ಲ, ಹಾವು ಹಾಕಿದ ವಿಷ ಅಷ್ಟೇ ಇರ್ತದಲ್ಲ. ಆರು ಗಂಟೆ ಬಿಟ್ಟು ಮತ್ತೆ ಟ್ಯೂಬು, ಮತ್ತೆ 20 ನಿಮಿಷ. ಆ ಸಲ ವಾಲಿಸಿದಾಗ ರಕ್ತ ಅಲ್ಲೇ ಗಟ್ಟಿಯಾಗಿ ಕೂತಿತ್ತು, ನನಗೆ ಅಳು ತಡೀಲಿಕ್ಕೆ ಆಗ್ಲಿಲ್ಲ.

ಆ ಮದ್ದು ಕೆಲಸ ಮಾಡುವುದು ನಾಲ್ಕು ಹಾವಿಗೆ: ನಾಗರ, ಕಟ್ಟು ಹಾವು, ಕೊಳಕು ಮಂಡಲ, ಗರಗಸ ಮಂಡಲ. ನಮ್ಮ ತೋಟದ ತರಗೆಲೆಯೊಳಗೆ ಮೂತಿ ಮೇಲಕ್ಕೆ ಎದ್ದ ಒಂದು ಗಿಡ್ಡ ಮಂಡಲ ಇರ್ತದೆ, ಅದರ ವಿಷಕ್ಕೆ ಈ ಮದ್ದು ಹಿಡಿಯುವುದಿಲ್ಲ ಅಂತ ಅಲ್ಲೇ ಗೊತ್ತಾದದ್ದು. ಅದಕ್ಕೇ ಹಾವನ್ನು ದೂರದಿಂದ ಒಂದು ಫೋಟೋ ತೆಗೆದುಕೊಂಡ್ರೆ ಡಾಕ್ಟ್ರಿಗೆ ದೊಡ್ಡ ಉಪಕಾರ, ಹಿಡಿಯಲಿಕ್ಕೆ ಕೊಲ್ಲಲಿಕ್ಕೆ ಹೋಗುವುದು ಬೇಡ.

ಇನ್ನೊಂದು ವಿಷಯ ನನ್ನನ್ನು ತುಂಬ ದಿನ ಕಾಡಿತು. ರಾತ್ರಿ ನಾಯಿಗೆ ಹಾಕಿದ ಅನ್ನ ಅರ್ಧ ಹಾಗೇ ಬಟ್ಟಲಲ್ಲಿ ಉಳೀತಿತ್ತು, ಅದು ಇದ್ದದ್ದು ಕಟ್ಟಿಗೆ ಕೊಟ್ಟಿಗೆಯ ಪಕ್ಕ. ಅನ್ನಕ್ಕೆ ಇಲಿ, ಇಲಿಗೆ ಹಾವು. ನಾವೇ ಕರೆದು ಕೂರಿಸಿದ್ದು. ಬೊಳ್ಳುವನ್ನು ಸಣ್ಣದಿರುವಾಗ ಕಟ್ಟಿ ಹಾಕ್ತಿದ್ದದ್ದೂ ಅಲ್ಲೇ, ಸಂಕೋಲೆಯಲ್ಲಿದ್ದ ನಾಯಿಗೆ ಹಾವು ಬಂದ್ರೆ ಹಿಂದೆ ಸರಿಯಲಿಕ್ಕೆ ಎಲ್ಲಿ ಜಾಗ. ಈಗ ಬಟ್ಟಲು ಜಗಲಿಯಲ್ಲಿ, ಉಂಡ ಕೂಡ್ಲೇ ತೊಳೆದು ಒಳಗೆ.

ನಿನ್ನೆ ರಾತ್ರಿಗೆ ಬರ್ತೇನೆ. ಕಾಳು ಕರೆದ್ರೆ ಬರಲಿಲ್ಲ, ಆ ಹೊತ್ತಿಗೆ ಅವ ಯಾರ ಮಾತೂ ಕೇಳುವುದಿಲ್ಲ. ಎದುರಿಂದ ಹೋಗದೆ ಹಿಂದಿನಿಂದ ಹೋಗಿ ಕುತ್ತಿಗೆ ಪಟ್ಟಿಗೆ ಹಗ್ಗ ಸಿಕ್ಕಿಸಿ ಎಳೆದು ತಂದೆ, ಒಳಗೆ ಹಾಕಿ ಬಾಗಿಲು ಹಾಕಿದ್ವಿ. ಅಪ್ಪ ದೂರ ನಿಂತು ಟಾರ್ಚ್ ಬಿಟ್ಟುಕೊಂಡೇ ಇದ್ರು, ಕಣ್ಣು ತಪ್ಪಿದ್ರೆ ಹಾವು ಎಲ್ಲಿ ಹೋಯ್ತು ಅಂತ ರಾತ್ರಿಯಿಡೀ ಹೆದರಿಕೆ. ನಾನು ಸರ್ಪ ಆ್ಯಪ್ ತೆರೆದೆ. ಕೇರಳ ಅರಣ್ಯ ಇಲಾಖೆಯದ್ದು, ಇಲಾಖೆಯೇ ತರಬೇತಿ ಕೊಟ್ಟು ಸರ್ಟಿಫಿಕೇಟ್ ಕೊಟ್ಟ ಹಾವು ಹಿಡಿಯುವವರ ನಂಬರ್ ಅದರಲ್ಲಿ ಸಿಗ್ತದೆ. ಮುಕ್ಕಾಲು ಗಂಟೆಯಲ್ಲಿ ಒಬ್ಬರು ಬಂದ್ರು, ಕೊಕ್ಕೆ, ಒಂದು ಪೈಪು, ಅದರ ಬಾಯಿಗೆ ಕಟ್ಟಿದ ಕಪ್ಪು ಚೀಲ.

ಅಡಿಕೆ ಹಾಳೆಯ ರಾಶಿಯ ಅಡಿಯಲ್ಲಿ ಸುರುಳಿ ಸುತ್ತಿಕೊಂಡಿತ್ತು, ಕನ್ನಡಿ ಹಾವೇ. ಟಾರ್ಚಿನ ಬೆಳಕಿಗೆ ಬೆನ್ನಿನ ಮೇಲೆ ಮೂರು ಸಾಲು ಸರಪಣಿ, ಕಂದು ಬಣ್ಣ, ಒಣಗಿದ ಹಾಳೆಗೂ ಅದಕ್ಕೂ ವ್ಯತ್ಯಾಸ ಗೊತ್ತೇ ಆಗುವುದಿಲ್ಲ, ನಾನು ಬೆಳಿಗ್ಗೆ ಅದೇ ರಾಶಿಯಿಂದ ಬರಿಗೈಯಲ್ಲಿ ಎರಡು ಹಾಳೆ ಎಳೆದಿದ್ದೆ. ಅವರು ಅವಸರ ಮಾಡಲಿಲ್ಲ. ಪೈಪಿನ ಬಾಯಿ ಕತ್ತಲೆ ಬಿಲದ ಹಾಗೆ ಎದುರಿಗೆ ಇಟ್ಟು, ಕೊಕ್ಕೆಯಿಂದ ಮೆಲ್ಲ ತೋರಿಸಿದ್ರು, ಹಾವು ತಾನಾಗಿ ಒಳಗೆ ಹೋಯ್ತು. "ಹೊಟ್ಟೆ ನೋಡಿದ್ರಾ ಅಣ್ಣ, ಮರಿ ಉಂಟು" ಅಂತ ಅಪ್ಪನ ಹತ್ತಿರ ಹೇಳಿದ್ರು. ಇದು ಮೊಟ್ಟೆ ಇಡುವ ಜಾತಿ ಅಲ್ಲ, ಮರಿಯನ್ನೇ ಹಾಕುವುದು, ಒಂದು ಸಲಕ್ಕೆ ಇಪ್ಪತ್ತು ಮೂವತ್ತು. ಅಮ್ಮ ಕಿಟಕಿಯಿಂದ ಕೇಳಿಸಿಕೊಂಡು "ಪಾಪ, ಜಾಗ್ರತೆಯಲ್ಲಿ ಬಿಡಿ ಆಯ್ತಾ" ಅಂದ್ರು.

ಇವತ್ತು ಹಾಳೆ ರಾಶಿ ಪೂರಾ ತೆಗೆಸಿದ್ವಿ, ಕೋಲಿನಲ್ಲಿ ಒಂದೊಂದೇ ಮಗುಚಿ. ಕಾಳು ಇಡೀ ಹೊತ್ತು ಅಲ್ಲೇ ನಿಂತಿದ್ದ, ಖಾಲಿ ಆದ ನೆಲವನ್ನು ಮೂಸಿ ಮೂಸಿ ನೋಡಿ, ಮೂತಿಯ ಮೇಲಿನ ಹಳೆ ಗಾಯದ ರೋಮ ಬಾರದ ಜಾಗಕ್ಕೆ ಮಣ್ಣು ಮೆತ್ತಿಸಿಕೊಂಡು ಬಂದು ನನ್ನ ಕಾಲ ಮೇಲೆ ಮಲಗಿದ್ದಾನೆ.